ಗಾರ್ಡಿನ ಟೀ ಲೋಟ, 64 ಎಂಬಿ

ನನ್ನ ಗಾಡಿಗಳು ಹಳಿ ತಪ್ಪುವುದಿಲ್ಲ. ಹಳಿಯೇ ಮಾಯವಾಗುತ್ತದೆ. ಹಳಿ, ಗುಡ್ಡ, ಸೇತುವೆ, ಸೇತುವೆ ಕೆಳಗೆ ಮೇಯುತ್ತಿದ್ದ ಕುರಿ, ಮೇಲಿದ್ದ ಮೋಡ ಎಲ್ಲಾ ಒಟ್ಟಿಗೆ ಹೋಗಿ, ಆ ಜಾಗದಲ್ಲಿ ಕಂಪ್ಯೂಟರಿನ ಖಾಲಿ ಪರದೆ ಬಂದು ಕೂರುತ್ತದೆ. ನಡುವೆ ಒಂದು ಸಣ್ಣ ಚೌಕ. ಅದರಲ್ಲಿ "ಔಟ್ ಆಫ್ ಮೆಮೊರಿ" ಅಂತ ಬರೆದಿರುತ್ತದೆ. ಕೆಳಗೆ "ಓಕೆ" ಅನ್ನುವ ಗುಂಡಿ. ಓಕೆ ಅಂತೆ! ಬೇರೆ ಗುಂಡಿಯೇ ಇಲ್ಲ. "ಖಂಡಿತಾ ಓಕೆ ಅಲ್ಲ" ಅಂತ ಪಕ್ಕದಲ್ಲಿ ಇನ್ನೊಂದು ಕೊಟ್ಟಿದ್ದರೆ ಅದನ್ನೇ ಒತ್ತಿ ಸಮಾಧಾನ ಪಡುತ್ತಿದ್ದೆ.

ನಾನು ಆಡುವುದು ರೈಲು ಓಡಿಸುವ ಸಿಮ್ಯುಲೇಟರ್ ಆಟ. ಯಾವ ಆಟ ಅಂತ ಕೇಳಬೇಡಿ. ಅದರಿಂದ ನನಗೆ ಸುಖವೂ ಸಿಕ್ಕಿದೆ, ಸುಮ್ನೆ ಯಾಕೆ ಹೆಸರು ಕೆಡಿಸೋದು. ಈ ಆಟದಲ್ಲಿ ಯಾರನ್ನೂ ಹೊಡೆಯುವುದಿಲ್ಲ, ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಸರಿಯಾದ ಹೊತ್ತಿಗೆ ಬ್ರೇಕ್ ಹಾಕಿ ಪ್ಲಾಟ್‌ಫಾರ್ಮ್ ದಾಟದಂತೆ ನಿಲ್ಲಿಸಿದರೆ ಅದೇ ಗೆಲುವು. ನನ್ನ ಖಯಾಲಿ ಓಡಿಸುವುದೂ ಅಲ್ಲ. ಸಿನಾರಿಯೋ ಬರೆಯುವುದು. ಯಾವ ಗಾಡಿ ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು, ಯಾರು ಯಾರಿಗೆ ದಾರಿ ಬಿಡಬೇಕು, ಯಾವ ಲೂಪಿನಲ್ಲಿ (ಗಾಡಿ ಬದಿಗೆ ನಿಲ್ಲಿಸುವ ಪಕ್ಕದ ಹಳಿಯಲ್ಲಿ) ಯಾವ ವ್ಯಾಗನ್ ಸುಮ್ಮನೆ ನಿಂತಿರಬೇಕು, ಮಳೆ ಎಷ್ಟೊತ್ತಿಗೆ ಶುರುವಾಗಬೇಕು, ಇವನ್ನೆಲ್ಲ ಎಡಿಟರಿನಲ್ಲಿ ಕೂತು ಜೋಡಿಸುವುದು. ಎಡಿಟರ್ ತೆರೆದರೆ ಕಾಣುವುದು ಪಟ್ಟಿ, ಖಾನೆ, ಗಂಟೆ, ನಿಮಿಷ. ಹಾಗಾಗಿ ನಾನು ಆಫೀಸಿನ ಕೆಲಸ ಮನೆಗೆ ತಂದು ಮಾಡುತ್ತಿದ್ದೇನೆ ಅಂತಲೇ ಮನೆಯವರು ಬಹಳ ಕಾಲ ನಂಬಿದ್ದರು. ಹೊತ್ತು ಹೊತ್ತಿಗೆ ಕಾಫಿ ಬರುತ್ತಿತ್ತು. ಆಮೇಲೆ ಒಂದು ದಿನ ಸ್ಪೀಕರ್ ಆಫ್ ಮಾಡುವುದು ಮರೆತು ಇಂಜಿನ್ ಶಿಳ್ಳೆ ಹೊಡೆಯಿತು. ಕಾಫಿ ನಿಂತಿತು.

ನಾನು ಇಟ್ಟುಕೊಂಡಿದ್ದ ಮಾರ್ಗ ಇಂಗ್ಲೆಂಡಿನ ಉತ್ತರ ಭಾಗದ್ದು, ಸೆಟಲ್‌ನಿಂದ ಕಾರ್ಲೈಲ್‌ವರೆಗೆ, ಸುಮಾರು 115 ಕಿಲೋಮೀಟರ್. 1876ರಲ್ಲಿ ಪ್ರಯಾಣಿಕರಿಗೆ ತೆರೆದದ್ದು. ಗುಡ್ಡ ಹತ್ತಿ ಇಳಿಯುವ ದಾರಿ, ನೂರಡಿಗೆ ಒಂದಡಿ ಏರು, ಮೇಲೆ ಏಸ್ ಗಿಲ್ ಅನ್ನುವ ಕಡೆ ಸಮುದ್ರಮಟ್ಟದಿಂದ 356 ಮೀಟರ್. ಎತ್ತರ ನಮ್ಮ ಘಟ್ಟದವರಿಗೆ ಲೆಕ್ಕಕ್ಕಿಲ್ಲ, ಆದರೆ ಅಲ್ಲಿನ ಗಾಳಿ ಮಳೆ ಬೇರೆ ಜಾತಿ. ದಾರಿಯಲ್ಲಿ ರಿಬಲ್‌ಹೆಡ್ ಅನ್ನುವಲ್ಲಿ 24 ಕಮಾನಿನ ಕಲ್ಲಿನ ಸೇತುವೆ ಇದೆ, 400 ಮೀಟರ್ ಉದ್ದ. ಈ ಜನ್ಮದಲ್ಲಿ ನಾನು ಅಲ್ಲಿಗೆ ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಅಲ್ಲಿನ ಪ್ರತಿ ಸಿಗ್ನಲ್ ಕಂಬ ನನಗೆ ನಮ್ಮ ಬೀದಿಯ ಲೈಟ್ ಕಂಬಕ್ಕಿಂತ ಚೆನ್ನಾಗಿ ಗೊತ್ತು. ನಮ್ಮ ಬೀದಿಯದು ಉರಿಯುವುದೂ ಇಲ್ಲ ಅನ್ನಿ.

ಇಷ್ಟರವರೆಗೆ ಎಲ್ಲಾ ಸರಿಯಾಗಿತ್ತು. ನಾಲ್ಕೈದು ಗಾಡಿ ಹಾಕುತ್ತಿದ್ದೆ, ಓಡುತ್ತಿದ್ದವು. ಎಡವಟ್ಟು ಶುರುವಾದದ್ದು ಮಾವ ನಮ್ಮ ಮನೆಗೆ ಇರಲು ಬಂದ ಮೇಲೆ.

ಮಾವ ರಿಟೈರ್ಡ್ ಸ್ಟೇಷನ್ ಮಾಸ್ಟರ್. ಅರಸೀಕೆರೆ, ಬೀರೂರು ಕಡೆಯ ಸ್ಟೇಷನ್ನುಗಳಲ್ಲಿ ಮೀಟರ್ ಗೇಜ್ ಕಾಲದಿಂದ ಕೆಲಸ ಮಾಡಿದವರು. ರಿಟೈರ್ ಆಗಿದ್ದು ಕಾಗದದಲ್ಲಿ ಮಾತ್ರ. ಇವತ್ತಿಗೂ ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಯಾವುದೋ ಗಾಡಿಗೆ ಲೈನ್ ಕ್ಲಿಯರ್ ಕೊಟ್ಟು ಮತ್ತೆ ಮಲಗುತ್ತಾರೆ ಅಂತ ಅತ್ತೆ ಹೇಳುತ್ತಾರೆ. ಅವರು ಬಂದ ಮೊದಲ ಸಂಜೆ ನನ್ನ ಹಿಂದೆ ಬಂದು ನಿಂತರು. ಪರದೆ ಮೇಲೆ ಗಾರ್ಸ್‌ಡೇಲ್ ಸ್ಟೇಷನ್, ಮಳೆ, ದೂರದಲ್ಲಿ ಒಂದು ಕೈಮರ, ಅಂದರೆ ಕೈ ಚಾಚಿ ನಿಲ್ಲುವ ಹಳೇ ಕಾಲದ ಸಿಗ್ನಲ್ ಕಂಬ.

"ಇದೇನು, ಕೈಮರ ಇನ್ನೂ ಇದೆಯಾ?" ಅಂದರು.

ಅಷ್ಟೇ. ಕುರ್ಚಿ ಎಳೆದುಕೊಂಡರು.

ಮೊದಲು ಅವರಿಗೆ ಈ ಮಾರ್ಗ ಅಷ್ಟು ಹಿಡಿಸಲಿಲ್ಲ. ಪೂರ್ತಿ ಡಬಲ್ ಲೈನ್ ಅಂದುಕೊಂಡರು. "ಡಬಲ್ ಲೈನಿನಲ್ಲಿ ಏನಿದೆ ಮಜಾ, ಹೋಗೋನು ಹೋಗ್ತಾನೆ, ಬರೋನು ಬರ್ತಾನೆ, ಸ್ಟೇಷನ್ ಮಾಸ್ಟರ್ ಯಾಕೆ ಬೇಕು" ಅಂತ ಮೂತಿ ತಿರುಗಿಸಿದರು. ಆಗ ನಾನು ಸುಮ್ಮನಿರಬಹುದಿತ್ತು. ಸೇತುವೆ ಹಳೆಯದಾಯಿತು ಅಂತ 1980ರ ದಶಕದಲ್ಲಿ ರಿಬಲ್‌ಹೆಡ್ ಮೇಲೆ ಒಂದು ಲೈನ್ ಕಿತ್ತು ಸಿಂಗಲ್ ಮಾಡಿದ್ದಾರೆ ಅಂತ ಹೇಳಿದೆ. ಮಾವನ ಕಣ್ಣು ಮಿನುಗಿತು. ಸಿಂಗಲ್ ಲೈನ್ ಅಂದರೆ ಕ್ರಾಸಿಂಗ್. ಕ್ರಾಸಿಂಗ್ ಅಂದರೆ ಒಂದು ಗಾಡಿ ಕಾಯಬೇಕು. ಗಾಡಿ ಕಾಯಿಸುವುದರಲ್ಲಿ ಮಾವನಿಗೆ ಇಡೀ ಸರ್ವಿಸಿನ ಅನುಭವ ಇದೆ.

ಮಾರನೇ ದಿನದಿಂದ ಸಿನಾರಿಯೋ ಅವರದ್ದಾಯಿತು, ಮೌಸ್ ಮಾತ್ರ ನನ್ನದು.

ಅವರ ತತ್ವ ಒಂದೇ. ಖಾಲಿ ಇರುವ ಲೂಪ್ ಲೈನ್ ನಾಚಿಕೆಗೇಡು. "ಇಲ್ಲಿ ಎರಡು ಬ್ರೇಕ್ ವ್ಯಾನ್ ನಿಲ್ಸು. ಅಲ್ಲಿ ಕಲ್ಲು ಗಾಡಿ. ಇಷ್ಟು ದೊಡ್ಡ ಕಾಡಿದೆ, ಮರ ತುಂಬಿದ ರೇಕು ಎಲ್ಲಿ? ಟವರ್ ವ್ಯಾಗನ್ ಇಲ್ವಾ? ಗ್ಯಾಂಗ್‌ಮನ್‌ಗಳ ಟ್ರಾಲಿ?" ಒಂದೇ ಬಣ್ಣದ ವ್ಯಾಗನ್ ಸಾಲಾಗಿ ಇಟ್ಟರೆ ಒಪ್ಪುತ್ತಿರಲಿಲ್ಲ. "ಇಪ್ಪತ್ತು ವ್ಯಾಗನ್ ಒಂದೇ ಥರ ಇರೋದು ಶೋರೂಮಿನಲ್ಲಿ ಮಾತ್ರ" ಅನ್ನುತ್ತಿದ್ದರು. ನಿಜ. ನಾನೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ವ್ಯಾಗನ್ನುಗಳನ್ನೆಲ್ಲ ಇಳಿಸಿ ಇಳಿಸಿ ಜೋಡಿಸಿದೆ. ತುಕ್ಕು ಹಿಡಿದದ್ದು, ಅರ್ಧ ತುಕ್ಕು ಹಿಡಿದದ್ದು, ಯಾರೋ ಸೀಮೆಸುಣ್ಣದಲ್ಲಿ ಬರೆದದ್ದು. ಡೆಂಟ್ ಸ್ಟೇಷನ್ ಬಂತು. ಇಂಗ್ಲೆಂಡಿನ ಮುಖ್ಯ ಮಾರ್ಗಗಳಲ್ಲೇ ಅತಿ ಎತ್ತರದ ಸ್ಟೇಷನ್ ಇದು, ಆದರೆ ಡೆಂಟ್ ಊರು ಇರುವುದು ಕೆಳಗೆ, ಆರೇಳು ಕಿಲೋಮೀಟರ್ ದೂರ. ಮಾವನಿಗೆ ಇದು ತುಂಬಾ ಇಷ್ಟವಾಯಿತು. "ನಮ್ಮ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ನೆಟ್ಟಣದಲ್ಲಿ, ದೇವಸ್ಥಾನ ಇನ್ನೆಲ್ಲೋ. ನಾವಾದ್ರೂ ರೋಡ್ ಅಂತ ಸೇರಿಸಿ ಪ್ರಾಮಾಣಿಕವಾಗಿ ಹೇಳ್ತೀವಿ. ಇವರು ಡೆಂಟ್ ರೋಡ್ ಅಂತ ಬೋರ್ಡ್ ಹಾಕಬೇಕಿತ್ತು."

ಈ ಮಾರ್ಗವನ್ನು ಮುಚ್ಚಬೇಕು ಅಂತ ಅಲ್ಲಿನ ರೈಲ್ವೆ ಹೊರಟಿತ್ತು, ಜನ ಜಗಳವಾಡಿ 1989ರಲ್ಲಿ ಉಳಿಸಿಕೊಂಡರು ಅಂತ ಹೇಳಿದೆ. ಆಕ್ಷೇಪಣೆ ಅರ್ಜಿಗಳಲ್ಲಿ ಒಂದಕ್ಕೆ ರಸ್ವರ್ಪ್ ಅನ್ನುವ ನಾಯಿಯ ಪಂಜದ ಗುರುತು ಇತ್ತು, ಆ ನಾಯಿಯ ಪ್ರತಿಮೆ ಈಗ ಗಾರ್ಸ್‌ಡೇಲ್ ಸ್ಟೇಷನ್ನಿನಲ್ಲಿದೆ. ಮಾವ ಸ್ವಲ್ಪ ಹೊತ್ತು ಯೋಚಿಸಿ, "ನಾಯಿ ಸಹಿ ನಡೀತಾ? ನನ್ನ ಪೆನ್ಷನ್ ಕಾಗದದಲ್ಲಿ ನನ್ನ ಸಹಿಯೇ ಹೊಂದ್ತಿಲ್ಲ ಅಂತ ವಾಪಸ್ ಕಳಿಸಿದ್ರು" ಅಂದರು. ಆಮೇಲೆ ಆ ಸ್ಟೇಷನ್ನಿಗೆ ಇನ್ನೊಂದು ರೇಕು, ಅಂದರೆ ಇನ್ನೊಂದು ಇಡೀ ವ್ಯಾಗನ್ ಸಾಲು, ಸೇರಿಸಲು ಹೇಳಿದರು. ಯಾಕೆ ಅಂತ ನಾನು ಕೇಳಲಿಲ್ಲ. ನಾಯಿಗೆ ಗೌರವ ಇರಬೇಕು.

ಹೀಗೆ ತುಂಬುತ್ತಾ ತುಂಬುತ್ತಾ ರಿಬಲ್‌ಹೆಡ್ಡಿಗೆ ಬಂದೆವು. ಸೇತುವೆಯ ಆಚೆ ಬ್ಲೀ ಮೂರ್‌ನಲ್ಲಿ ಒಂದು ಗೂಡ್ಸು ಕಾಯುತ್ತಿರಬೇಕು, ಈಚೆ ಇನ್ನೊಂದು, ನಡುವೆ ಪ್ಯಾಸೆಂಜರ್ ಬಂದು ದಾಟಬೇಕು. ಮೂರನೆಯದನ್ನು ಹಳಿ ಮೇಲೆ ಇಟ್ಟು ಮೌಸ್ ಬಿಟ್ಟೆ. ಇಂಗ್ಲೆಂಡ್ ಹೋಯಿತು.

"ಕರೆಂಟ್ ಹೋಯ್ತಾ?" ಅಂದರು ಮಾವ. ಫ್ಯಾನ್ ತಿರುಗುತ್ತಿತ್ತು.

ಆಮೇಲೆ ಇದು ದಿನಚರಿಯಾಯಿತು. ಮತ್ತೆ ತೆರೆಯೋದು, ಗಾಡಿ ಇಡೋದು, ಸೇತುವೆ ಹತ್ತಿರ ಬರೋದು, ಓಕೆ ಒತ್ತೋದು. ಈ ಎಡಿಟರ್ ತಾನಾಗಿ ಏನನ್ನೂ ಉಳಿಸುವುದಿಲ್ಲ. ನಾವೇ ಗುಂಡಿ ಒತ್ತಿ ಉಳಿಸಬೇಕು. ಹಾಗಾಗಿ ಹೆಂಡತಿ ಅಡುಗೆ ಮನೆಯಿಂದಲೇ "ಸೇವ್ ಮಾಡಿದ್ರಾ?" ಅಂತ ಕೂಗುವುದನ್ನು ಅಭ್ಯಾಸ ಮಾಡಿಕೊಂಡಳು. ಕುಕ್ಕರ್ ಒಂದು ಸೀಟಿ ಹೊಡೆದರೆ ಒಂದು ಸೇವ್. ನಿಜ ಹೇಳಬೇಕು ಅಂದರೆ ಆಟದ ಕೈಪಿಡಿಯಲ್ಲಿ ಇದಕ್ಕಿಂತ ಒಳ್ಳೆ ಸಲಹೆ ಇರಲಿಲ್ಲ. ಬೇಳೆ ಬೇಯಿಸುವ ದಿನ ನನ್ನ ಕೆಲಸ ಜಾಸ್ತಿ ಉಳಿಯುತ್ತಿತ್ತು, ಉಪ್ಪಿಟ್ಟಿನ ದಿನ ಏನೂ ಉಳಿಯುತ್ತಿರಲಿಲ್ಲ.

ಈ ನಡುವೆ ಇಂಜಿನಿಯರಿಂಗ್ ಓದುತ್ತಿರುವ ಹೆಂಡತಿಯ ಅಣ್ಣನ ಮಗ ಬಂದ. ಪರದೆ ನೋಡಿ, ಮೆಮೊರಿ ಕಮ್ಮಿ ಇದೆ, ರ್‍ಯಾಮ್ ಜಾಸ್ತಿ ಹಾಕಿಸಿ ಅಂತ ತೀರ್ಪು ಕೊಟ್ಟು ಚಕ್ಕುಲಿ ತಿಂದು ಹೋದ. ಅದರಿಂದ ಉಪಯೋಗ ಇಲ್ಲ ಅಂತ ನನಗೆ ಗೊತ್ತಿತ್ತು. ಮಾವನಿಗೆ ಗೊತ್ತಿರಲಿಲ್ಲ. ಆಯುಧಪೂಜೆ ಹತ್ತಿರ ಬಂದಿತ್ತು. ಅವರು ನನಗೆ ಹೇಳದೆ ಮೊಮ್ಮಗನ ಜೊತೆ ಹೋಗಿ ಪೆನ್ಷನ್ ದುಡ್ಡಿನಲ್ಲಿ 16 ಜಿಬಿ ರ್‍ಯಾಮ್ ತಂದುಬಿಟ್ಟರು. ಹಬ್ಬದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಹೊರಟಿದ್ದರು. ಚಿನ್ನದ ಬಣ್ಣದ ಆ ಹಲ್ಲುಗಳ ಮೇಲೆ ಹಚ್ಚಬೇಡಿ ಅಂತ ಕೈ ಮುಗಿದು ತಪ್ಪಿಸಿ, ಕ್ಯಾಬಿನೆಟ್ಟಿಗೆ ಹಚ್ಚಿಸಿದೆ. ಚೆಂಡು ಹೂವನ್ನು ಫ್ಯಾನ್ ಎಳೆದುಕೊಂಡಿತು, ಅದು ಬೇರೆ ಕಥೆ. ಮನೆಯವರೆಲ್ಲ ನೆರೆದರು. ನಾನು ಎಡಿಟರ್ ತೆರೆದೆ. ರಿಬಲ್‌ಹೆಡ್ಡಿಗೆ ಹೋದೆ. ಗಾಡಿ ಇಟ್ಟೆ.

ಓಕೆ.

ಎಲ್ಲರೂ ಮೊಮ್ಮಗನನ್ನು ನೋಡಿದರು. ಅವನು ಫೋನ್ ನೋಡಿದ. ಮಾವನಿಗೆ ವಿವರಿಸುವ ಭಾರ ನನ್ನ ಮೇಲೆ ಬಿತ್ತು.

ವಿಷಯ ಇಷ್ಟು. ಈ ಆಟ ಬರೆದದ್ದು 32-ಬಿಟ್ ಕಾಲದಲ್ಲಿ. ಮೆಮೊರಿಯ ಒಂದೊಂದು ಬೈಟಿಗೂ ಒಂದು ನಂಬರ್ ಇರುತ್ತದೆ, ಆ ನಂಬರ್ ಬರೆಯಲು ಈ ಆಟಕ್ಕೆ ಇರುವುದು 32 ಖಾನೆ ಮಾತ್ರ, ಪ್ರತಿ ಖಾನೆಯಲ್ಲಿ ಸೊನ್ನೆ ಅಥವಾ ಒಂದು. ಎಷ್ಟೇ ಹೆಣಗಿದರೂ ಅದರಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 296 ನಂಬರ್ ಆಗುತ್ತದೆ. ಅಂದರೆ 4 ಜಿಬಿ. ಅದೂ ಪೂರ್ತಿ ಸಿಗುವ ಗ್ಯಾರಂಟಿ ಇಲ್ಲ. ವಿಂಡೋಸ್ ಸಾಮಾನ್ಯವಾಗಿ ಅದರಲ್ಲಿ ಅರ್ಧ ತನಗಿಟ್ಟುಕೊಂಡು 2 ಜಿಬಿ ಮಾತ್ರ ಬಿಡುತ್ತದೆ. ತನಗೆ ದೊಡ್ಡ ನಂಬರ್ ಓದಲು ಬರುತ್ತದೆ ಅಂತ ಪ್ರೋಗ್ರಾಮ್ ತನ್ನ ಹಣೆ ಮೇಲೆ ಗುರುತು ಹಾಕಿಕೊಂಡಿದ್ದರೆ, ಮೇಲಾಗಿ ವಿಂಡೋಸ್ 64-ಬಿಟ್ ಆಗಿದ್ದರೆ, ಆಗ ಪೂರ್ತಿ 4 ಜಿಬಿ. ಕಂಪ್ಯೂಟರಿನಲ್ಲಿ 16 ಇರಲಿ, 64 ಇರಲಿ, ಆಟಕ್ಕೆ ಅದರಾಚೆ ಲೋಕವೇ ಇಲ್ಲ.

ಮಾವನ ಮುಖದಲ್ಲಿ ಏನೂ ಕಾಣಲಿಲ್ಲ. ಬೇರೆ ದಾರಿ ಹಿಡಿದೆ.

"ನಿಮ್ಮ ಯಾರ್ಡಿನಲ್ಲಿ ನಾಲ್ಕು ಲೈನ್ ಇದೆ ಅಂದ್ಕೊಳ್ಳಿ. ಗಾಡಿ ಜಾಸ್ತಿ ಆಯ್ತು ಅಂತ ಪಕ್ಕದಲ್ಲಿ ಹತ್ತೆಕರೆ ಜಮೀನು ತಗೊಂಡ್ರಿ. ಹಳಿ ಹಾಕಲಿಲ್ಲ, ಪಾಯಿಂಟ್ ಇಲ್ಲ, ಲಿವರ್ ಇಲ್ಲ. ಗಾಡಿ ಆ ಜಮೀನಿಗೆ ಹೋಗುತ್ತಾ?"

"ಹೇಗೆ ಹೋಗುತ್ತೆ?"

"ಅದೇ ಈ ರ್‍ಯಾಮ್."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಜಮೀನಿನ ಖಾತೆ ಆದ್ರೂ ಆಗಿದೆಯಾ?" ಅಂತ ಕೇಳಿದರು.

"ಆಗಿದೆ ಮಾವ, ವಿಂಡೋಸ್ ಪೂರ್ತಿ ತೋರಿಸ್ತಿದೆ."

"ಸರಿ ಬಿಡು, ಮುಂದೆ ಯಾವತ್ತಾದ್ರೂ ಹಳಿ ಹಾಕ್ತಾರೆ" ಅಂದರು. ಇದು ರೈಲ್ವೆಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಬರುವ ತಾಳ್ಮೆ. ಮೊಮ್ಮಗ ಸೋಲು ಒಪ್ಪದೆ, ವರ್ಚುವಲ್ ಮೆಮೊರಿ, ಅಂದರೆ ಮೆಮೊರಿ ಸಾಲದಾಗ ಬಳಸಲು ಡಿಸ್ಕಿನಲ್ಲಿ ಬಿಟ್ಟ ಜಾಗ, ಹೆಚ್ಚಿಸೋಣ ಅಂದ. ಅದೂ ಅದೇ ಜಮೀನಿನ ಪಕ್ಕದ ಜಮೀನು. ಮಾವನೇ ಬೇಡ ಅಂದರು.

ಅಲ್ಲಿಂದ ಮಾವ ಇದನ್ನು ಆಟ ಅಂತ ನೋಡಲಿಲ್ಲ. ತನಿಖೆ ಶುರುವಾಯಿತು. ಒಂದು ಹಳೇ ಡೈರಿ ತೆಗೆದು ಗೆರೆ ಎಳೆದು, ಯಾವ ಗಾಡಿ ಇಟ್ಟಾಗ ಎಷ್ಟು ಮೆಮೊರಿ ಅಂತ ಟಾಸ್ಕ್ ಮ್ಯಾನೇಜರ್ ನೋಡಿ ಬರೆಯತೊಡಗಿದರು, ಕೆಂಪು ಇಂಕು ನೀಲಿ ಇಂಕು ಎರಡೂ ಬಳಸಿ. ನಾನು ಕಾಲ ಕಾಲದಿಂದ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡಿದ್ದ ಉಪಾಯಗಳನ್ನು ಒಂದೊಂದಾಗಿ ಮಾಡಿದೆ, ಅವರು ಟಿಕ್ ಹಾಕಿದರು.

ಮೊದಲು ಸಿಕ್ಕಿಬಿದ್ದದ್ದು ಎಡಿಟರಿನ ಸಾಮಾನು ಪಟ್ಟಿ. ಅದರಲ್ಲಿ ಆಟಕ್ಕೆ ಇಂಜಿನ್, ವ್ಯಾಗನ್, ಮರ, ಮನೆ ಮಾಡಿಕೊಟ್ಟವರ ಹೆಸರುಗಳು ಸಾಲಾಗಿ ಇರುತ್ತವೆ, ಪ್ರತಿಯೊಂದರ ಮುಂದೆ ಒಂದು ಟಿಕ್ ಖಾನೆ. ಟಿಕ್ ಹಾಕಿದರೆ ಅವರ ಸರಕೆಲ್ಲ ಪಟ್ಟಿಗೆ ಬಂದು ಕೂರುತ್ತದೆ, ಬಳಸಿದರೂ ಬಳಸದಿದ್ದರೂ. ನಮ್ಮದರಲ್ಲಿ ಎಲ್ಲದಕ್ಕೂ ಟಿಕ್ ಇತ್ತು. ಇಂಗ್ಲೆಂಡಿನ ಸ್ಟೇಷನ್ನಿಗೆ ಅಮೆರಿಕದ ಮರುಭೂಮಿಯ ಕಳ್ಳಿ ಗಿಡಗಳನ್ನು ಯಾವನಾದರೂ ಕೇಳಿಯಾನು ಅಂತ ಸಿದ್ಧ ಮಾಡಿಟ್ಟುಕೊಂಡಿತ್ತು. ಬೇಕಾದದ್ದು ಬಿಟ್ಟು ಎಲ್ಲಾ ಟಿಕ್ ತೆಗೆದೆವು. ಡೈರಿಯಲ್ಲಿ ಅಂಕಿ ಚೆನ್ನಾಗಿ ಇಳಿಯಿತು.

ಎರಡನೆಯದು ಮಾವನ ಇನ್‌ಸ್ಪೆಕ್ಷನ್. ಪ್ರತಿ ಸಲ ಎಡಿಟರ್ ತೆರೆದಾಗಲೂ ಸೆಟಲ್‌ನಿಂದ ಕ್ಯಾಮೆರಾವನ್ನು ಹಳಿ ಗುಂಟ ಮೆಲ್ಲಗೆ ಹಾರಿಸಿಕೊಂಡು ಹೋಗಬೇಕು, ಡಿಆರ್‌ಎಂ ಅನ್ನುವ ರೈಲ್ವೆ ವಿಭಾಗದ ದೊಡ್ಡ ಸಾಹೇಬರು ಹಿಂದಿನ ಬೋಗಿಯ ಕಿಟಕಿಯಲ್ಲಿ ಕೂತು ನೋಡುವ ಕ್ರಮ. ಎಲ್ಲಾದರೂ ವ್ಯಾಗನ್ ಹಳಿಯಿಂದ ಅರ್ಧ ಅಡಿ ಮೇಲೆ ತೇಲುತ್ತಿದ್ದರೆ ಬರೆದುಕೊಳ್ಳುತ್ತಿದ್ದರು. ಆದರೆ ಆಟ ಮಾರ್ಗವನ್ನು ಚೌಕ ಚೌಕ ಮಾಡಿ ಇಟ್ಟಿರುತ್ತದೆ. ಕ್ಯಾಮೆರಾ ಹೋದ ಕಡೆಯ ಚೌಕವನ್ನೆಲ್ಲ ಮೆಮೊರಿಗೆ ತರುತ್ತದೆ. ಬಿಟ್ಟು ಬಂದದ್ದನ್ನು ತಕ್ಷಣ ಕೆಳಗಿಳಿಸುವುದಿಲ್ಲ. ಕೆಲವನ್ನು ಇಳಿಸುವುದೇ ಇಲ್ಲ, ಮರೆತುಬಿಡುತ್ತದೆ. ರಿಬಲ್‌ಹೆಡ್ ತಲುಪುವ ಹೊತ್ತಿಗೆ ಹೊಟ್ಟೆ ಅರ್ಧ ತುಂಬಿರುತ್ತಿತ್ತು. ಇನ್ನು ಮೇಲೆ ಚಪ್ಪಟೆ ನಕ್ಷೆ ತೆರೆದು, ಬೇಕಾದ ಸ್ಟೇಷನ್ನಿಗೆ ನೇರ ಜಿಗಿಯಬೇಕು, ಕೆಲಸ ಮುಗಿಸಬೇಕು, ಉಳಿಸಬೇಕು, ಆಟವನ್ನೇ ಮುಚ್ಚಿ ತೆರೆಯಬೇಕು ಅಂತ ನಿಯಮ ಮಾಡಿದೆ. ಇನ್‌ಸ್ಪೆಕ್ಷನ್ ರದ್ದು. ಮಾವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ವ್ಯಾಗನ್ ಬಣ್ಣದ ಪ್ರಶ್ನೆ. ಇಲ್ಲಿ ನಾನು ಅವರ ಜೊತೆ ಸ್ವಲ್ಪ ಜಗಳವನ್ನೇ ಆಡಬೇಕಾಯಿತು. ಒಂದೇ ವ್ಯಾಗನ್ನಿನ ಇಪ್ಪತ್ತು ನಕಲು ಇಟ್ಟರೆ ಅದರ ಮೈಮೇಲಿನ ಚಿತ್ರ ಮೆಮೊರಿಗೆ ಬರುವುದು ಒಂದೇ ಸಲ. ಇಪ್ಪತ್ತು ಬೇರೆ ಬೇರೆ ವ್ಯಾಗನ್ ಇಟ್ಟರೆ ಇಪ್ಪತ್ತು ಚಿತ್ರ. ಉದ್ದ ಅಗಲ ಎರಡೂ 2048 ಚುಕ್ಕಿ ಇರುವ ಚಿತ್ರ, ಚುಕ್ಕಿಗೆ 4 ಬೈಟಿನಂತೆ, ಬಿಚ್ಚಿಟ್ಟರೆ 16 ಎಂಬಿ. ದೂರದಿಂದ ನೋಡಲು ಅದರ ಚಿಕ್ಕ ಚಿಕ್ಕ ನಕಲುಗಳನ್ನೂ ಇಟ್ಟರೆ ಇನ್ನೂ ಮೂರನೇ ಒಂದು ಭಾಗ ಸೇರುತ್ತದೆ. ಸರಿಯಾಗಿ ಒತ್ತಿ ಮಡಿಸಿ ಇಡುವ ವಿಧಾನ ಇದೆ, ಅದೇ ಚಿತ್ರ 2 ಅಥವಾ 4 ಎಂಬಿಯಲ್ಲಿ ಮುಗಿಯುತ್ತದೆ. ಆದರೆ ಪುಕ್ಕಟೆ ವ್ಯಾಗನ್ ಮಾಡಿದ ಪುಣ್ಯಾತ್ಮರಲ್ಲಿ ಕೆಲವರಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಪುಕ್ಕಟೆ ಕೊಟ್ಟಿದ್ದಾರೆ. ಕೊನೆಗೆ ಒಂದು ರಾಜಿ ಆಯಿತು. ಕಣ್ಣ ಮುಂದೆ ನಿಲ್ಲುವ ರೇಕಿನಲ್ಲಿ ಮಾವನ ಇಷ್ಟದಂತೆ ಬಣ್ಣ, ದೂರದ ಸೈಡಿಂಗಿನಲ್ಲಿ ಎಲ್ಲಾ ಒಂದೇ ತುಕ್ಕು.

ಇಷ್ಟಾದರೂ ಬ್ಲೀ ಮೂರ್ ಹತ್ತಿರ ಆಟ ಸಾಯುತ್ತಲೇ ಇತ್ತು. ವಿಚಿತ್ರ ಅಂದರೆ ಆಗ ಡೈರಿಯಲ್ಲಿ ಇನ್ನೂ ನಾನೂರು ಎಂಬಿ ಖಾಲಿ ಅಂತ ತೋರಿಸುತ್ತಿತ್ತು. ಮಾವ ಇದನ್ನು ಕೆಂಪು ಇಂಕಿನಲ್ಲಿ ಬರೆದು ಸುತ್ತ ಗೆರೆ ಹಾಕಿದರು. "ಜಾಗ ಇದೆ ಅಂತೀಯ, ಇಲ್ಲ ಅಂತಾನೆ. ಯಾರೋ ಸುಳ್ಳು ಹೇಳ್ತಿದ್ದಾರೆ."

ನಾನು ಹೇಳುವ ಮುಂಚೆ ಅವರೇ ಉತ್ತರ ಕಂಡುಕೊಂಡರು ಅನ್ನುವುದನ್ನು ಇಲ್ಲಿ ದಾಖಲಿಸಬೇಕು. ರಾತ್ರಿ ಊಟ ಮಾಡುತ್ತಾ ಇದ್ದಕ್ಕಿದ್ದಂತೆ, "58 ವ್ಯಾಗನ್ನಿನ ರೇಕು ಬಂದ್ರೆ ನಾಲ್ಕು ಲೈನಿನಲ್ಲೂ ಚೂರು ಚೂರು ಜಾಗ ಇದ್ರೆ ಏನು ಬಂತು? ಒಂದೇ ಲೈನಿನಲ್ಲಿ ಉದ್ದಕ್ಕೆ ಬೇಕು" ಅಂದರು. ಕಂಪ್ಯೂಟರಿನವರು ಇದನ್ನೇ ಫ್ರಾಗ್ಮೆಂಟೇಶನ್ ಅನ್ನುತ್ತಾರೆ. ಆಟ ಗಂಟೆಗಟ್ಟಲೆ ಇಟ್ಟು ತೆಗೆದು ಮಾಡಿದ ಮೇಲೆ ಖಾಲಿ ಜಾಗ ತುಂಡು ತುಂಡಾಗಿ ಹರಡಿಕೊಂಡಿರುತ್ತದೆ. ಒಟ್ಟು ಕೂಡಿದರೆ ನಾನೂರು ಎಂಬಿ. ಒಂದೇ ಕಡೆ ಉದ್ದಕ್ಕೆ ಜಾಗ ಬೇಕು ಅಂತ ಯಾವುದಾದರೂ ಚಿತ್ರ ಹಟ ಮಾಡಿದರೆ ಇಲ್ಲ. ಹಾಗಾದರೆ ಅಷ್ಟುದ್ದ ಜಾಗ ಕೇಳುತ್ತಿರುವವನು ಯಾರು?

ಹುಡುಕುವ ವಿಧಾನ ಸರಳ, ಬೇಜಾರಿನದು. ಸಿನಾರಿಯೋದ ನಕಲು ಮಾಡಿಕೊಳ್ಳಬೇಕು, ಮೂಲವನ್ನು ಮುಟ್ಟಬಾರದು. ನಕಲಿನಲ್ಲಿ ಅರ್ಧ ಗಾಡಿ ಅಳಿಸಬೇಕು. ಸತ್ತರೆ ತಪ್ಪು ಉಳಿದ ಅರ್ಧದಲ್ಲಿದೆ, ಬದುಕಿದರೆ ಅಳಿಸಿದ ಅರ್ಧದಲ್ಲಿ. ಅದರಲ್ಲಿ ಮತ್ತೆ ಅರ್ಧ. ಕೊನೆಗೆ ಬ್ಲೀ ಮೂರ್ ಲೂಪಿನಲ್ಲಿ ನಿಂತಿದ್ದ ಕಲ್ಲು ಗಾಡಿಯ ಕಟ್ಟಕಡೆಯ ಬ್ರೇಕ್ ವ್ಯಾನ್, ಅಂದರೆ ಗಾರ್ಡ್ ಕೂರುವ ಡಬ್ಬಿ, ಒಂದೇ ಉಳಿಯಿತು. ಯಾರೋ ಬಹಳ ಪ್ರೀತಿಯಿಂದ ಮಾಡಿದ ವ್ಯಾನ್. ಅದರ ಫೋಲ್ಡರ್ ತೆರೆದು ನೋಡಿದೆ. ಹೊರ ಮೈಯ ಚಿತ್ರ ಮಾಮೂಲಿ. ಚಕ್ರ ಮಾಮೂಲಿ. ಒಳಗೆ ಗಾರ್ಡಿನ ಮೇಜು, ಮೇಜಿನ ಮೇಲೆ ಒಂದು ಟೀ ಲೋಟ. ಆ ಲೋಟದ ಚಿತ್ರ 4096 ಚುಕ್ಕಿ ಉದ್ದ, 4096 ಚುಕ್ಕಿ ಅಗಲ. ಮಡಿಸಿಲ್ಲ. ಒಂದು ಲೋಟ, 64 ಎಂಬಿ. ಅದೂ ಒಂದೇ ಕಡೆ, ಉದ್ದಕ್ಕೆ.

ಇಡೀ ರಿಬಲ್‌ಹೆಡ್ ಸೇತುವೆಯ 24 ಕಮಾನಿಗೆ ಹೊದಿಸಿದ ಕಲ್ಲಿನ ಚಿತ್ರ ಇದರ ಕಾಲು ಭಾಗ ಇರಲಿಲ್ಲ. ಕ್ಯಾಮೆರಾವನ್ನು ವ್ಯಾನಿನೊಳಗೆ ತೂರಿಸಿ ಲೋಟ ನೋಡಿದೆವು. ಲೋಟದ ಅಂಚಿನಲ್ಲಿ ಟೀ ಕಲೆ ಇತ್ತು. ಪಿಂಗಾಣಿಯಲ್ಲಿ ಸಣ್ಣ ಸೀಳು ಸಹ. ನಿಜಕ್ಕೂ ಒಳ್ಳೆ ಕೆಲಸ. ಗಾಡಿ ಓಡಿಸುವವನಿಗೆ ಇದು ಎಂದೂ ಕಾಣುವುದಿಲ್ಲ, ಗಾರ್ಡಿಗೂ ಕಾಣುವುದಿಲ್ಲ, ಯಾಕೆಂದರೆ ವ್ಯಾನಿನಲ್ಲಿ ಗಾರ್ಡನ್ನೇ ಮಾಡಿರಲಿಲ್ಲ.

"ಲೋಟದ ಚಿತ್ರ ಚಿಕ್ಕದು ಮಾಡ್ತೀನಿ" ಅಂದೆ.

"ಪಾಪ, ಗಾರ್ಡ್ ಟೀ ಕುಡೀಬಾರದಾ?" ಮಾವ ಕೇಳಿದರು. ಮಳೆ, ಗುಡ್ಡ, ಲೂಪಿನಲ್ಲಿ ಗಂಟೆಗಟ್ಟಲೆ ಕಾಯಬೇಕು, ಅವನ ಕಷ್ಟ ನಿನಗೇನು ಗೊತ್ತು ಅಂತ ಶುರು ಮಾಡಿದರು. ಹಳೇ ಯಾವುದೋ ಗಾರ್ಡಿನ ನೆನಪಾಗಿರಬೇಕು. ಟೀ ಇರುತ್ತೆ ಮಾವ, ಲೋಟ ಸ್ವಲ್ಪ ಮಸುಕಾಗುತ್ತೆ ಅಷ್ಟೇ ಅಂತ ಒಪ್ಪಿಸಿ, 256 ಚುಕ್ಕಿಗೆ ಇಳಿಸಿದೆ. ಇಂಗ್ಲೆಂಡ್ ನಿಂತಿತು. ಓಡಾಡಿಸಿದೆ, ಗಾಡಿ ಸೇರಿಸಿದೆ, ಮಳೆ ಸುರಿಸಿದೆ. ಉಳಿಯಿತು. ಕುಕ್ಕರ್ ಕೂಗಿತು, ಉಳಿಸಿದೆ.

ಇದಾದ ಮೇಲೆ ಅದೇ ಆಟಕ್ಕೆ 64-ಬಿಟ್ ಆವೃತ್ತಿಯೂ ಬಂತು. ಅದರಲ್ಲಿ ನಂಬರ್ ಬರೆಯಲು 64 ಖಾನೆ. ಈಗಿನ ವಿಂಡೋಸ್ ಒಂದೊಂದು ಪ್ರೋಗ್ರಾಮಿಗೆ 128 ಟಿಬಿವರೆಗಿನ ನಂಬರ್ ಬಿಟ್ಟುಕೊಡುತ್ತದೆ, ನಮ್ಮ ಮಾವನಿಗೂ ಅದನ್ನು ತುಂಬಲು ಆಗುವುದಿಲ್ಲ. ಸುದ್ದಿ ಹೇಳಿದ ಕೂಡಲೇ ಅವರು ಮೊದಲು ಕೇಳಿದ್ದು, "ಜಮೀನಿಗೆ ಹಳಿ ಬಂತಾ?" ಅಂತ. ಬಂತು ಅಂದೆ. ಮನೆಯವರಿಗೆಲ್ಲ ಫೋನ್ ಮಾಡಿ, ನಾನು ಕೊಡಿಸಿದ ರ್‍ಯಾಮ್ ಈಗ ಉಪಯೋಗಕ್ಕೆ ಬಂತು, ನಾನು ಮೊದಲೇ ಹೇಳಿದ್ದೆ ಅಂತ ಹೇಳಿಕೊಂಡರು. ಮೊಮ್ಮಗನೂ ಚಕ್ಕುಲಿಗೆ ಮತ್ತೆ ಬಂದ. ಮಾವ ಇನ್ನೂ ಒಂದಷ್ಟು ರೇಕು ಸೇರಿಸಿದರು. ಈಗ ಸಾಯುವುದು ಆಟವಲ್ಲ, ಗ್ರಾಫಿಕ್ಸ್ ಕಾರ್ಡ್ ಉಸಿರು ಬಿಡುತ್ತದೆ. ಅದರ ಮೆಮೊರಿ ಬೇರೆ. ಆ ವಿಷಯ ಅವರಿಗೆ ಹೇಳಿಲ್ಲ, ಮತ್ತೆ ಆಯುಧಪೂಜೆ ಬರುತ್ತಿದೆ.

ಸಿನಾರಿಯೋ ಮುಗಿದ ದಿನ ಶಾಸ್ತ್ರೋಕ್ತವಾಗಿ ಓಡಿಸಲು ಕೂತೆ. ನನ್ನದು ಕಲ್ಲು ಗಾಡಿ, ಮಸುಕು ಲೋಟದ ಬ್ರೇಕ್ ವ್ಯಾನ್ ಹಿಂದೆ. ಕಾರ್ಲೈಲ್ ಕಡೆಯಿಂದ ಏರು ಹತ್ತಿ, ಏಸ್ ಗಿಲ್ ದಾಟಿ, ಡೆಂಟ್ ರೋಡ್ ದಾಟಿ, ಸುರಂಗದಿಂದ ಹೊರಬಿದ್ದು ಬ್ಲೀ ಮೂರ್‌ಗೆ ಬಂದರೆ ಸಿಗ್ನಲ್ ನನ್ನನ್ನು ಲೂಪಿಗೆ ತಿರುಗಿಸಿತು. ನಿಲ್ಲಿಸಿದೆ. ಒಂದು ಪ್ಯಾಸೆಂಜರ್ ದಾಟಿತು. ಕೈಮರ ದಾರಿ ಕೊಡಲಿಲ್ಲ. ಇನ್ನೊಂದು ಬಂತು. ಅದಾದ ಮೇಲೆ ಒಂದು ಖಾಲಿ ಇಂಜಿನ್ ಒಂಟಿಯಾಗಿ, ಅರ್ಜೆಂಟೇ ಇಲ್ಲದೆ ಹೋಯಿತು. ಮೆಮೊರಿ ಕಲ್ಲಿನ ಹಾಗೆ ನಿಂತಿದೆ, ಕುರಿಗಳು ಮೇಯುತ್ತಿವೆ, ಎಲ್ಲಾ ಸರಿಯಾಗಿದೆ, ನನ್ನ ಗಾಡಿ ಮಾತ್ರ ಕದಲುತ್ತಿಲ್ಲ. ವೇಳಾಪಟ್ಟಿ ತೆರೆದು ನೋಡಿದೆ. ನಾನು ಆಫೀಸಿಗೆ ಹೋಗಿದ್ದ ಹೊತ್ತಿನಲ್ಲಿ ಮೌಸ್ ಹಿಡಿಯುವುದನ್ನು ಕಲಿತವರು ಯಾರೋ ನನ್ನ ನಂತರದ ಗಾಡಿಗಳನ್ನೆಲ್ಲ ಮುಂದಕ್ಕೆ ತಂದಿದ್ದರು.

"ಮಾವ, ಎಷ್ಟೊತ್ತು ನಿಲ್ಲಬೇಕು?"

"ನಿನ್ನದು ಗೂಡ್ಸು" ಅಂದರು ಹಿಂದಿನಿಂದ, ಪೇಪರಿನಿಂದ ಮುಖ ಎತ್ತದೆ. "ಎರಡು ಪ್ಯಾಸೆಂಜರ್, ಒಂದು ಸ್ಪೆಷಲ್ ಇದೆ. ಹೋಗಿ ಊಟ ಮಾಡ್ಕೊಂಡು ಬಾ."